ತೆರಪಿನಲ್ಲಿ ಇಟ್ಟ ಹೆಸರು

ಆ ಊರಿನ ಸ್ವರಗಾರನ ಹೆಸರು ನನಗೆ ಗೊತ್ತಿಲ್ಲ. ಊರಿನವರನ್ನು ಕೇಳಿ ನೋಡಿ, ಅವರಿಗೂ ಗೊತ್ತಿಲ್ಲ. ಅವನನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ, ಗೊತ್ತಿದ್ದರೆ ತಾನೆ ಹೇಳುವುದು. ಬದುಕಿರುವ ಮನುಷ್ಯನ ಹೆಸರು ಹೀಗೆ ಬುಡಸಮೇತ ಹೋಗುವುದುಂಟೇ ಎಂದು ನೀವು ಕೇಳಬಹುದು. ಆ ಊರಲ್ಲಿ ಉಂಟು. ಅದು ಹೇಗೆ ಹೋಯಿತೆಂದು ಹೇಳುವಾಗ ಅಲ್ಲಿಯವರು ದನಿ ಸಣ್ಣದು ಮಾಡಿಕೊಂಡು ನೆಲ ನೋಡುತ್ತಾರೆ, ತಮ್ಮ ಮನೆಯ ಮಗನೇ ತಪ್ಪು ಮಾಡಿದ ಹಾಗೆ.

ಆ ಊರಲ್ಲಿ ಹಾಡನ್ನು ಕೈಗಡ ಕೊಡುತ್ತಾರೆ. ನಾವು ಹೆಪ್ಪು ಕೊಡುತ್ತೇವಲ್ಲ, ಒಲೆಗೆ ಕೆಂಡ ಕೊಡುತ್ತೇವಲ್ಲ, ಹಾಗೆ. ಹೊಸ್ತಿಲಿಗೆ ಬಂದು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಆದರೆ ಹೆಪ್ಪು ಕೊಟ್ಟ ಮನೆಯಲ್ಲಿ ಮೊಸರು ಉಳಿದಿರುತ್ತದೆ, ಕೆಂಡ ಕೊಟ್ಟ ಒಲೆ ಉರಿಯುತ್ತಲೇ ಇರುತ್ತದೆ. ಹಾಡು ಕೊಟ್ಟವರ ಬಾಯಲ್ಲಿ ಹಾಡು ಉಳಿಯುವುದಿಲ್ಲ. ಬೀಸುವ ಹಾಡು ಕೊಟ್ಟವಳು ಅದು ತಿರುಗಿ ಬರುವ ತನಕ ಬೀಸುಕಲ್ಲಿನ ಮುಂದೆ ಸುಮ್ಮನೆ ಕೂತಿರುತ್ತಾಳೆ. ಹಾಡಿಲ್ಲದೆ ಆ ಊರಿನ ಕಲ್ಲು ತಿರುಗುವುದಿಲ್ಲ. ತೊಟ್ಟಿಲ ಹಾಡು ಕೊಟ್ಟವಳ ಕೂಸು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಅದಕ್ಕೇ ಒಯ್ದವರು ತಡಮಾಡದೆ ಬರುತ್ತಾರೆ. ಕೊಟ್ಟವಳ ಹೊಸ್ತಿಲ ಮೇಲೆ ಕೂತು, ಅವಳ ಕಿವಿಯಲ್ಲಿ ಹಾಡಿ, ಹಾಡನ್ನು ಹಿಂದಿರುಗಿಸಿ ಹೋಗುತ್ತಾರೆ.

ಅಲ್ಲಿ ಒಂದು ಗಾದೆ ಇದೆ: ಪಾತ್ರಿ ಬರಿದು ಕೊಡಬ್ಯಾಡ, ಹಾಡು ತುಂಬಿ ಕೊಡಬ್ಯಾಡ. ನೆರೆಮನೆಯಿಂದ ತಂದ ಪಾತ್ರೆಯನ್ನು ಹಿಂದಕ್ಕೆ ಕೊಡುವಾಗ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು, ಇದು ನಮಗೂ ಗೊತ್ತಿರುವುದೇ. ಹಾಡನ್ನು ಮಾತ್ರ ಹೇಗೆ ಒಯ್ದರೋ ಹಾಗೇ ತಂದುಕೊಡಬೇಕು. ಗಾದೆಯ ಮೊದಲ ಅರ್ಧ ಎಲ್ಲರ ನಾಲಿಗೆಯ ಮೇಲಿರುತ್ತದೆ. ಎರಡನೆಯ ಅರ್ಧ ತಪ್ಪು ಮಾಡಿದ ಮೇಲೆ ನೆನಪಾಗುತ್ತದೆ.

ಸ್ವರಗಾರ ನೋಡುವುದಕ್ಕೆ ಹುಚ್ಚನಂತಿದ್ದ, ಹುಚ್ಚನೇನಲ್ಲ. ವಾದ್ಯ ಮುಟ್ಟುತ್ತಿರಲಿಲ್ಲ. ಮನುಷ್ಯನ ಗಂಟಲಲ್ಲಿ ಇಲ್ಲದ್ದು ಯಾವ ತಂತಿಯಲ್ಲಿದೆ ಎಂದು ಕೇಳುತ್ತಿದ್ದ. ಊರ ನಡುವಿನ ಕಲ್ಲುಮಂಟಪದಲ್ಲಿ ದನಿಯವರನ್ನು ಸುತ್ತ ಕೂರಿಸಿಕೊಳ್ಳುತ್ತಿದ್ದ. ಒಬ್ಬನಿಗೆ ಬರೀ ಉಸಿರು. ಒಬ್ಬಳಿಗೆ ತುಟಿ ಮುಚ್ಚಿದ ಗುನುಗು. ಇನ್ನೊಬ್ಬನಿಗೆ ಬಿಕ್ಕು, ಮತ್ತೊಬ್ಬಳಿಗೆ ಮೊರದಲ್ಲಿ ಜೋಳ ಕೇರುವಾಗ ಹಲ್ಲಿನ ಸಂದಿಯಿಂದ ಬರುವ ಸದ್ದು. ಕವಿಗಳ ಒಂದು ಸಾಲನ್ನು ತೆಗೆದುಕೊಂಡು ಅದರ ಅಕ್ಷರಗಳನ್ನು ಈ ಬಾಯಿಗಳಿಗೆಲ್ಲ ಹಂಚುತ್ತಿದ್ದ. ಸಾಲು ಮುಗಿಯುವಷ್ಟರಲ್ಲಿ ಕೇಳುವವರ ಎಲೆ ಅಡಿಕೆ ಮುಗಿದಿರುತ್ತಿತ್ತು.

"ಎಮ್ಮಿ ಕಳಕೊಂಡವರ ಗತೆ ಕೂಗತಾರ ನೋಡ್ರಿ," ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಗುತ್ತಲೇ ಮರುದಿನವೂ ಬಂದು ಕೂರುತ್ತಿದ್ದರು. ಯಾಕೆಂದರೆ ಆ ಕೂಗಿನ ನಡುವೆ ಎಲ್ಲೋ ಒಂದು ಕಡೆ, ಉಸಿರಿನವನೂ ಗುನುಗಿನವಳೂ ಕೂಡುವ ಜಾಗದಲ್ಲಿ, ಅವರಿಗೆ ಬೀಸುಕಲ್ಲಿನ ಗೂಟ ಹಿಡಿದ ತಮ್ಮ ಅವ್ವನ ಕೈ ಕಾಣುತ್ತಿತ್ತು. ಬಳೆ ಸಮೇತ ಕಾಣುತ್ತಿತ್ತು. ಸುಳ್ಳು ಹೇಳಬಾರದು, ಅವನಿಗೆ ವಿದ್ಯೆ ಒಲಿದಿತ್ತು.

ಬೀಸುವ ಹಾಡು ಒಯ್ದ, ತಂದುಕೊಟ್ಟ. ಕುಟ್ಟುವ ಹಾಡು ಒಯ್ದ, ತಂದುಕೊಟ್ಟ. ತೊಟ್ಟಿಲ ಹಾಡನ್ನಂತೂ ಹೊತ್ತು ಇಳಿಯುವ ಮೊದಲೇ ಓಡಿ ಬಂದು ಕೊಟ್ಟ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಉಸಿರು ಕಡಿಮೆಯಿಲ್ಲ. ಇಂಥವನಿಗೆ ಕೊಡಲು ಹೆಂಗಸರು ಹಿಂದೆಮುಂದೆ ನೋಡುತ್ತಿರಲಿಲ್ಲ.

ಆದರೆ ಅವನೊಳಗೆ ಒಂದು ಹುಳ ಕೊರೆಯುತ್ತಿತ್ತು. ಕವಿಗಳ ಪದದ ಕೊನೆಯಲ್ಲಿ ಕವಿಯ ಅಂಕಿತ ಇರುತ್ತದಲ್ಲ, ಅದನ್ನು ಅವನು ಎಲ್ಲಕ್ಕಿಂತ ಚಂದವಾಗಿ ಕಟ್ಟುತ್ತಿದ್ದ. ದನಿಗಳೆಲ್ಲ ಒಂದೊಂದಾಗಿ ಇಳಿದು, ಕೊನೆಗೆ ಅಂಕಿತವೊಂದೇ ಮಂಟಪದಲ್ಲಿ ನಿಲ್ಲುತ್ತಿತ್ತು. ಕೇಳಿದವರು ಆ ಹೆಸರನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಕಣದಲ್ಲಿ ಎತ್ತು ಕಟ್ಟಿ ತೆನೆ ತುಳಿಸುವ ಹಂತಿಯ ಹಾಡು ಕಟ್ಟಿದರೆ ಕೇಳಿದವರು ಹಂತಿಯನ್ನು ನೆನೆಯುತ್ತ ಹೋಗುತ್ತಿದ್ದರು. ಇವನು ಮಂಟಪದಲ್ಲಿ ಚಾಪೆ ಸುತ್ತುತ್ತಿದ್ದ. ನನ್ನನ್ನು ಯಾರು ಒಯ್ದರು ಎಂದು ಕೇಳಿಕೊಳ್ಳುತ್ತಿದ್ದ. ಹಾಗೆ ಕೇಳಿಕೊಂಡದ್ದಕ್ಕೆ ನಾಚಿಕೆಪಡುತ್ತಿದ್ದ, ಮತ್ತೆ ಕೇಳಿಕೊಳ್ಳುತ್ತಿದ್ದ.

ಆ ಊರಲ್ಲಿ ಯಾರೂ ಒಯ್ಯದ ಹಾಡು ಒಂದಿತ್ತು. ಕಳಿಸುವ ಹಾಡು. ಸತ್ತವರು ಆ ಹಾಡಿಲ್ಲದೆ ಊರು ಬಿಡುವುದಿಲ್ಲ, ಚಟ್ಟ ನೆಲದಿಂದ ಏಳುವುದಿಲ್ಲ. ಹಾಡುವವಳು ಒಬ್ಬಳೇ, ಅವಳನ್ನು ಕಳಿಸುವವಳು ಎನ್ನುತ್ತಿದ್ದರು. ಮೊದಲು ಅವಳು ಮನೆಯನ್ನು ಹಾಡುತ್ತಾಳೆ, ಒಲೆ, ಹೊಸ್ತಿಲು, ಮಲಗುವ ಹೊರಸು ಎಲ್ಲವನ್ನೂ. ಆಮೇಲೆ ಋಣ. ಸುತ್ತ ಕೂತವರು ಸತ್ತವರಿಂದ ತಾವು ಪಡೆದದ್ದನ್ನು ಒಂದೊಂದು ಸಾಲಾಗಿ ಅದೇ ಧಾಟಿಯಲ್ಲಿ ಹೇಳುತ್ತಾರೆ. ಕೊನೆಗೆ ಈ ಸಾಲು:

ಹೊಸ್ತಿಲ ದಾಟೀದಿ, ಹೊರಸ ಬಿಟ್ಟೀದಿ,
ಹೊತ್ತೈತಿ ನಡಿಯ, … , ತಿರುಗಿ ನೋಡಬ್ಯಾಡ.

ನಡುವೆ ಇರುವುದು ತೆರಪು, ಅಂದರೆ ಖಾಲಿ ಬಿಟ್ಟ ಜಾಗ. ಸತ್ತವರ ಹೆಸರನ್ನು ಅಲ್ಲಿಟ್ಟು ಕರೆದರೆ ಚಟ್ಟ ಬರಿ ಮೊರದಷ್ಟು ಹಗುರಾಗಿ ಏಳುತ್ತದೆ. ಕರೆದ ಹೆಸರು ಜನರ ನೆನಪಿನಲ್ಲಿ ಉಳಿದರೂ ಹಾಡಿನಿಂದ ಸತ್ತವರ ಜೊತೆಗೇ ಹೋಗಿ, ತೆರಪು ಮತ್ತೆ ತೆರಪಾಗಿ ಉಳಿಯುತ್ತದೆ.

ಸ್ವರಗಾರ ಈ ಹಾಡು ಕೇಳಲು ಹೋದ. ಕಳಿಸುವವಳು ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಅವಳ ಅಕ್ಕ, ಮೊರ ಹಿಡಿದುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವ್ವ ಬೇಗ ಹೋಗಿದ್ದರಿಂದ ಕಳಿಸುವವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕನೇ.

"ಯವ್ವಾ, ಕಳಿಸೂ ಹಾಡು ಬೇಕಾಗಿತ್ರಿ," ಎಂದ ಸ್ವರಗಾರ.

ಕಳಿಸುವವಳ ಕೈ ನಿಂತಿತು. "ಇಲ್ಲ ಅನ್ನೂ ಹಂಗಿಲ್ಲ ತಮ್ಮಾ. ಆದ್ರ ನೀ ಒಯ್ದಾಗ ಊರಾಗ ಯಾರರ ಹೋದ್ರ ಚಟ್ಟ ಏಳೂದು ಹೆಂಗ?"

"ಲಗೂನ ತಂದಕೊಡ್ತೀನ್ರಿ. ಸದ್ಯ ಯಾರೂ ಹಾಸಿಗಿ ಹಿಡದಿಲ್ಲ, ಮನಿಮನಿ ವಿಚಾರಿಸಿಕೊಂಡು ಬಂದೀನಿ."

ಅಕ್ಕ ಮೊರ ಕುಲುಕಿ ನಕ್ಕಳು. "ನನ್ನ ಒಬ್ಬಾಕಿನ್ನ ವಿಚಾರಿಸಲಿಲ್ಲ ನೋಡು. ಇರ್ಲಿ ತಗೊಂಡು ಹೋಗು. ಈ ಅಕ್ಕಿ ಹಸನ ಆಗೂತನಕ ನಾ ಎಲ್ಲೂ ಹೋಗಂಗಿಲ್ಲ."

"ನಿಮ್ಮ ಹೆಸರೇನ್ರಿ ಅಕ್ಕಾರ?" ಸ್ವರಗಾರ ಸುಮ್ಮನೆ ಕೇಳಿದ.

"ಹೇಳಂಗಿಲ್ಲ. ಕೇಳಿದ್ರ ನಗ್ತಿ. ಸಣ್ಣಾಕಿದ್ದಾಗ ಓಣ್ಯಾಗಿನವರೆಲ್ಲಾ ನಕ್ಕಾರ. ಅದಕ್ಕ ಅಕ್ಕ ಅನ್ರಿ ಅಂತ ಹೇಳಿಬಿಟ್ಟೆ, ಈಗ ಊರಿಗೂರ ಅಕ್ಕ ಅಂತೈತಿ. ನನ್ನ ಹೆಸರು ಉಳದದ್ದು ಇಕಿ ಒಬ್ಬಾಕಿ ಬಾಯಾಗ." ಅಕ್ಕ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. "ಆ ಹಾಡಿನ್ಯಾಗ ಎಂಥಾ ಹೆಸರು ಬಂದ್ರೂ ಯಾರೂ ನಕ್ಕದ್ದು ನಾ ಕಂಡಿಲ್ಲ ತಮ್ಮಾ. ಒಂದು ಸಲ ಅದರಾಗ ಕರಿಸಿಕೊಂಡು ಹೋಗಬೇಕು. ಅಷ್ಟು ಆಸೆ ಐತಿ ನೋಡಪಾ."

ಕಳಿಸುವವಳು ಸ್ವರಗಾರನ ಕಿವಿಗೆ ಬಾಗಿ ಹಾಡು ಕೊಟ್ಟಳು. ಕೊಟ್ಟು, ಖಾಲಿಯಾದ ಬಾಯಿ ಒರೆಸಿಕೊಂಡು ಒಂದೇ ಮಾತು ಹೇಳಿದಳು. "ತೆರಪಿನ್ಯಾಗ ಏನೂ ಇಡಬ್ಯಾಡ. ಹೆಂಗ ಒಯ್ದಿಯೋ ಹಂಗ ತಾ."

"ಹಂಗ ತರ್ತೀನ್ರಿ," ಎಂದ. ಆ ಹೊತ್ತಿಗೆ ಅದು ನಿಜವೇ ಇತ್ತು.

ಅವನು ಕಟ್ಟಿದ ಕೆಲಸಗಳಲ್ಲೆಲ್ಲ ಅದೇ ದೊಡ್ಡದು. ಮನೆಯ ಸಾಲುಗಳನ್ನು ಗುನುಗಿನವಳಿಗೆ ಕೊಟ್ಟ. ಒಲೆ ಎಂಬ ಮಾತನ್ನು ಉಸಿರಿನವನು ಊದಿದರೆ ಕೂತವರ ಮುಖಕ್ಕೆ ಬಿಸಿ ತಟ್ಟುತ್ತಿತ್ತು. ಋಣದ ಸಾಲುಗಳನ್ನು ಎಲ್ಲರೂ ಏಕಕಾಲಕ್ಕೆ ಪಿಸುಗುಡುತ್ತಿದ್ದರು, ಯಾರು ಯಾರಿಗೆ ಏನು ಕೊಟ್ಟರೆಂದು ತಿಳಿಯದ ಹಾಗೆ. ತೆರಪು ಬಂದಾಗ ದನಿಯವರು ನಿಂತು ಅವನ ಮುಖ ನೋಡುತ್ತಿದ್ದರು.

"ಇಲ್ಲೇನು ಮಾಡೂದ್ರಿ?"

"ಸುಮ್ಮನಿರ್ರಿ. ಅಲ್ಲಿ ಏನೂ ಇಲ್ಲ."

ದಿನವೂ ಹಾಗೇ ಹೇಳಿದ. ದಿನವೂ ಆ ಸುಮ್ಮನೆ ಇರುವ ಜಾಗ ಅವನಿಗೆ ದೊಡ್ಡದಾಗಿ ಕಂಡಿತು. ಎಷ್ಟೋ ಕವಿಗಳ ಅಂಕಿತವನ್ನು ಹೊತ್ತು ಮೆರೆಸಿದೆ, ಇಲ್ಲಿ ಯಾರ ಅಂಕಿತವೂ ಇಲ್ಲ, ಜಾಗ ಮಾತ್ರ ಇದೆ ಅನ್ನಿಸಿತು. ಬಾಗಿಲು ತೆರೆದ ಮನೆ ಕಂಡರೆ ಒಳಗೆ ಯಾರಿಲ್ಲವೇ ಎಂದು ಇಣುಕುವವರು ಇರುತ್ತಾರಲ್ಲ, ಅವನೂ ಇಣುಕಿದ.

ಹಬ್ಬದ ಮಧ್ಯಾಹ್ನ ಕಳಿಸುವವಳೂ ಅಕ್ಕನೂ ಬಿಟ್ಟು ಇಡೀ ಊರು ಮಂಟಪದ ಮುಂದೆ ಕೂತಿತ್ತು. ಮನೆ ಮುಗಿಯಿತು, ಋಣ ಮುಗಿಯಿತು. ಯಾರೋ ಮುದುಕ ಮೂಗು ಸೀಟಿದ್ದು ಬಿಟ್ಟರೆ ಸದ್ದಿಲ್ಲ. ದನಿಗಳು ಒಂದೊಂದಾಗಿ ಇಳಿದವು. ಹೊತ್ತೈತಿ ನಡಿಯ ಎಂದರು, ನಿಂತರು. ಆ ತೆರಪಿನಲ್ಲಿ ಸ್ವರಗಾರ ತಾನೇ ಎದ್ದು ನಿಂತು ತನ್ನ ಹೆಸರನ್ನು ಹಾಡಿದ. ಮಂಟಪದ ಕಲ್ಲುಕಂಬಗಳು ಅದನ್ನು ಒಂದರಿಂದೊಂದು ಇಸಿದುಕೊಂಡವು. ಆ ಗಳಿಗೆಯಲ್ಲಿ ಅವನ ಕಾಲು ನೆಲ ಬಿಟ್ಟು ಒಂದಿಷ್ಟು ಮೇಲೆದ್ದಿತು. ಸಂತೋಷಕ್ಕೆ ಹೀಗಾಗುತ್ತದೆ ಎಂದುಕೊಂಡ.

ಅಂದು ಜನ ಅವನ ಹೆಸರನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋದರು. ತಿರುಗಿ ಕೊಡುವಾಗ ಅದನ್ನು ತೆಗೆದೇ ಕೊಡುತ್ತಾನೆಂದು ನಂಬಿದ್ದರು. ಅಟ್ಟದ ಮೇಲಿನ ಪಾರಿವಾಳಕ್ಕೂ ಆ ಹೆಸರು ಗೊತ್ತಾಯಿತು ಎನ್ನುತ್ತಾರೆ.

ಮರುದಿನ ಹಾಡು ತಿರುಗಿ ಕೊಡಲು ಹೋದ. ದಾರಿಯುದ್ದಕ್ಕೂ ತೆರಪಿನಿಂದ ತನ್ನ ಹೆಸರನ್ನು ಕೀಳಲು ನೋಡಿದ. ಬರಲಿಲ್ಲ. ಸತ್ತವರಾದರೆ ಹೆಸರನ್ನು ಜೊತೆಗೆ ಒಯ್ಯುತ್ತಾರೆ, ಇವನು ಬದುಕಿದ್ದ. ಆಗಲೇ ಹೊಸ್ತಿಲಲ್ಲಿ ಕೂತು ನಿಜ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಬಾಯಿ ತೆರೆದು ಹಾಡಿದ, ತೆರಪು ಬಂದಾಗ ದನಿಯನ್ನು ಕೆಮ್ಮಿನಲ್ಲಿ ಮುಚ್ಚಿದ.

ಕಳಿಸುವವಳು ಕಿವಿ ಉಜ್ಜಿಕೊಂಡಳು. "ಒಯ್ದಾಗಿಗಿಂತ ಭಾರ ಆಗೇತಲ್ಲ ತಮ್ಮಾ?"

"ಬರಿದು ಕೊಡಬಾರದಲ್ರಿ ಯವ್ವಾ," ಎಂದು ನಕ್ಕ. ಆ ನಗುವನ್ನು ನೆನೆದು ಅವನು ಆಮೇಲೆ ಎಷ್ಟೋ ವರ್ಷ ಊಟದ ನಡುವೆ ತುತ್ತು ಕೆಳಗಿಟ್ಟು ಕೂರುತ್ತಿದ್ದನಂತೆ.

ಸತ್ತವರಿಲ್ಲದೆ ಆ ಹಾಡನ್ನು ಕಳಿಸುವವಳು ಹಾಡುವಂತಿರಲಿಲ್ಲ. ಹಾಗಾಗಿ ಒಳಗೆ ಏನಿದೆ ಎಂದು ಅವಳು ನೋಡಲಿಲ್ಲ.

ಅಕ್ಕ ಹೋದದ್ದು ಬೆಳಗಿನ ಎಳೆಬಿಸಿಲಲ್ಲಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ. ಅಕ್ಕಿ ಹಸನಾಗಿತ್ತು. ಊರೆಲ್ಲ ಸೇರಿತು, ಅವಳ ಕೈಯ ಅನ್ನ ಉಣ್ಣದ ಮನೆ ಅಲ್ಲಿ ಇರಲಿಲ್ಲ. ಅಂಗಳದಲ್ಲಿ ಚಟ್ಟ ಇಟ್ಟು, ಹೊರುವವರು ಹೆಗಲು ಬಗ್ಗಿಸಿ ಕೂತರು. ಕಳಿಸುವವಳು ತಲೆಯ ಬಳಿ ಕೂತು, ಎಲ್ಲರಿಗೂ ಹಾಡಿದ ಹಾಗೇ ತನ್ನ ಅಕ್ಕನಿಗೂ ಹಾಡಿದಳು. ಒಲೆ ಹಾಡಿದಳು, ಹೊಸ್ತಿಲು ಹಾಡಿದಳು. ಋಣ ಹೇಳುವವರು ಎಷ್ಟು ಮಂದಿ ಎಂದರೆ ನೆರಳು ಅಂಗಳದ ಈ ಕಡೆಯಿಂದ ಆ ಕಡೆಗೆ ಹೋಯಿತು. ಕೊನೆಗೆ ಕಳಿಸುವವಳು ಕಣ್ಣು ಮುಚ್ಚಿ, ಊರು ಮರೆತ ಆ ಹೆಸರನ್ನು ಕರೆಯಲು ಬಾಯಿ ತೆರೆದಳು.

ಬಂದದ್ದು ಸ್ವರಗಾರನ ಹೆಸರು.

ಗುಂಪಿನಲ್ಲಿ ಹಿಂದೆ ನಿಂತಿದ್ದ ಸ್ವರಗಾರನಿಗೆ ಮೊದಲು ಅನ್ನಿಸಿದ್ದೇನು ಗೊತ್ತೇ? ಎಷ್ಟು ಚಂದ ಕೇಳಿಸಿತಲ್ಲ ಎಂದು. ಕಳಿಸುವವಳ ಒಡೆದ ದನಿಯಲ್ಲಿ ತನ್ನ ಹೆಸರು ತಾನು ಹಾಡಿದ್ದಕ್ಕಿಂತ ಚಂದ ಇತ್ತು. ತನ್ನ ಬಾಳಿನಲ್ಲಿ ತಾನು ಮಾಡಿದ ಕೆಟ್ಟ ಕೆಲಸ ಹೆಸರಿಟ್ಟದ್ದಲ್ಲ, ಆ ಗಳಿಗೆಯಲ್ಲಿ ಹಿಗ್ಗಿದ್ದು ಎಂದು ಅವನೇ ಮುಂದೆ ಕಳಿಸುವವಳ ಹತ್ತಿರ ಹೇಳಿಕೊಂಡ. ಹಿಗ್ಗಿದ ಮರುಗಳಿಗೆಗೆ ಅವನ ಕಾಲು ನೆಲ ಬಿಟ್ಟಿತು. ಚಟ್ಟ ಅಲುಗಲಿಲ್ಲ, ಅವನು ಎದ್ದ. ಬಾಗಿಲ ಪಕ್ಕದ ಕಂಬವನ್ನು ತಬ್ಬಿಕೊಂಡು, ಸಂತೆಯಲ್ಲಿ ಸೀರೆ ಸಿಕ್ಕಿಕೊಂಡ ಹೆಂಗಸಿನ ಹಾಗೆ ಅತ್ತಿತ್ತ ನೋಡಿದ. ಅದೇ ಹೆಸರಿನ ಇನ್ನೊಬ್ಬರು ಯಾರಾದರೂ ಇದ್ದಾರೋ ಎಂಬಂತೆ ನೋಡಿದ. ಯಾರೂ ಇರಲಿಲ್ಲ.

ಕಳಿಸುವವಳು ಬೆಚ್ಚಿ ಮತ್ತೆ ಹಾಡಿದಳು. ಮತ್ತೆ ಅದೇ ಹೆಸರು. ಹೊರುವವರ ಕುತ್ತಿಗೆಯ ನರ ಉಬ್ಬಿದವು, ಚಟ್ಟ ನೆಲಕ್ಕೆ ಬೇರು ಬಿಟ್ಟಂತೆ ಕೂತಿತ್ತು. ಮತ್ತೆ ಹಾಡಿದಳು. ಆಗ ಜನ ಒಬ್ಬೊಬ್ಬರಾಗಿ ತಿರುಗಿ ಸ್ವರಗಾರನನ್ನು ನೋಡಿದರು. ಅವನು ಕಂಬ ಬಿಡದೆ ಜಾರಿ ಕೆಳಗೆ ಕೂತ.

"ನಾ ಇಟ್ಟೀನ್ರಿ," ಎಂದ. "ನೀವು ಬ್ಯಾಡ ಅಂದಿದ್ರಿ. ಗೊತ್ತಿದ್ದೂ ಇಟ್ಟೆ. ತಿರುಗಿ ಕೊಡೂವಾಗ ಕೆಮ್ಮಿ ಮುಚ್ಚಿದೆ."

ಕಳಿಸುವವಳು ಅಕ್ಕನ ಹಣೆಯ ಮೇಲಿಟ್ಟ ಕೈ ತೆಗೆಯಲಿಲ್ಲ. "ನಮ್ಮಕ್ಕ ನಿನಗ ಏನು ಹೇಳಿದ್ಲು ನೆನಪೈತಿಲ್ಲೋ?"

"ಐತ್ರಿ."

"ಒಂದು ಸಲ ಕರಿಸಿಕೊಂಡು ಹೋಗತೀನಿ ಅಂದಿದ್ಲು. ಒಂದು ಸಲ."

"ನನ್ನ ಹೊಡೀರಿ," ಎಂದ ಸ್ವರಗಾರ. "ಊರ ಬಿಡಸ್ರಿ. ನಾಲಿಗಿ ಕೀಳ್ರಿ."

"ಹೊಡದ್ರ ನಿನಗ ಹಗರಾಗ್ತೈತಿ. ನನಗೇನು ಬಂತು?" ಕಳಿಸುವವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಒಳಗ ಕುಂತ ಹೆಸರು ಬೈದ್ರ ಹೋಗಂಗಿಲ್ಲ. ಕಳಿಸಿದ್ರ ಹೋಗ್ತೈತಿ. ಬಾ, ಇಲ್ಲಿ ಬಂದು ಮಲಕೋ."

"ನಾನೂ ಹೋಗ್ತೀನೇನ್ರಿ?"

"ಮಂದಿ ಕಾಲು ಹಿಡಕೋತಾರ. ಹೆಸರು ಬುಡಸಮೇತ ಹೋಗ್ತೈತಿ, ನೀ ಉಳೀತಿ. ಉಳಿಯೂದು ಹಗರ ಅಂತ ತಿಳೀಬ್ಯಾಡ."

ಅಕ್ಕನ ಚಟ್ಟದ ಪಕ್ಕದಲ್ಲಿ ಒಂದು ಚಾಪೆ ಹಾಸಿದರು. ಅವನು ಮಲಗಿದ. ಕಣ್ಣು ಮುಚ್ಚಬೇಡ ಎಂದಳು ಕಳಿಸುವವಳು, ಅವನು ತೆರೆದುಕೊಂಡೇ ಇದ್ದ. ಅವಳು ಅವನ ಮನೆಯನ್ನು ಹಾಡಿದಳು, ಅವನ ಒಲೆಯನ್ನು, ಮಂಟಪದ ಅವನ ಚಾಪೆಯನ್ನು. ಆಮೇಲೆ ಋಣ ಬಂತು. ಈಗ ಬೈಯುತ್ತಾರೆ ಎಂದು ಅವನು ಹಲ್ಲು ಕಚ್ಚಿ ಕಾದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆದರೆ ಋಣದಲ್ಲಿ ಸುಳ್ಳು ಹೇಳುವಂತಿಲ್ಲ, ಕೆಟ್ಟದ್ದು ಹೇಳುವ ರೂಢಿಯಿಲ್ಲ.

ಒಬ್ಬಳು ಹಾಡಿದಳು, ನನ್ನ ಬೀಸೂ ಹಾಡು ಒಯ್ದಿ, ನುಚ್ಚು ಒಡಿಯೂದ್ರೊಳಗ ತಂದಿ. ಇನ್ನೊಬ್ಬಳು ಹಾಡಿದಳು, ಮಾತ ಬರದ ನನ ಮಗನ ಉಸಿರಿಗಿ ಮಂಟಪದಾಗ ಜಾಗ ಕೊಟ್ಟಿ. ಕಟ್ಟೆಯ ಮೇಲೆ ಕೂತು ನಗುತ್ತಿದ್ದ ಮುದುಕ ಗಂಟಲು ಸರಿಮಾಡಿಕೊಂಡು, ಸತ್ತ ನಮ್ಮವ್ವನ ಕೈಬಳಿಯ ಸಪ್ಪಳ ತಿರುಗಿ ಕೇಳಿಸಿದಿ ಎಂದ. ಒಬ್ಬರಾದ ಮೇಲೆ ಒಬ್ಬರು. ತನ್ನನ್ನು ಯಾರೂ ಒಯ್ದಿಲ್ಲ ಎಂದುಕೊಂಡಿದ್ದನಲ್ಲ, ಮನೆಮನೆಯವರೂ ಒಯ್ದಿದ್ದರು. ಹೆಸರನ್ನಷ್ಟೇ ಬಿಟ್ಟು ಹೋಗಿದ್ದರು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳಲು ಹೋದ, ಕಾಲು ಹಿಡಿದವರು ಕೈಯನ್ನೂ ಹಿಡಿದುಕೊಂಡರು.

ಹೊತ್ತೈತಿ ನಡಿಯ ಎಂದು ಕಳಿಸುವವಳು ಅವನ ಹೆಸರು ಹಿಡಿದು ಕರೆದಳು. ಅವನ ಮೈ ಎದ್ದಿತು, ಹಿಡಿದವರು ಜಗ್ಗಿದರು. ಏನೋ ಒಂದು ಅವನಿಂದ ಬಿಚ್ಚಿಕೊಂಡು, ಅಂಗಳ ದಾಟಿ, ತಿರುಗಿ ನೋಡದೆ ಹೋಯಿತು. ಅವನು ದೊಪ್ಪನೆ ಚಾಪೆಗೆ ಬಿದ್ದ. ಸುತ್ತ ನಿಂತವರು ಅವನನ್ನು ಎಬ್ಬಿಸಲು ಬಾಯಿ ತೆರೆದರು, ಏನೆಂದು ಕರೆಯುವುದೆಂದು ಯಾರಿಗೂ ಹೊಳೆಯಲಿಲ್ಲ.

ಕಳಿಸುವವಳು ನೀರು ಕುಡಿದಳು. ತಿರುಗಿ ಅಕ್ಕನ ತಲೆಯ ಬಳಿ ಕೂತು, ಮನೆಯಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಹಾಡಿದಳು. ಅವಳ ಗಂಟಲು ಒಡೆದು ದನಿಯಲ್ಲಿ ಬರೀ ಉಸಿರು ಉಳಿದಿತ್ತು. ತೆರಪು ಬಂತು. ತೆರಪು ಖಾಲಿಯಿತ್ತು.

"ಹೊತ್ತೈತಿ ನಡಿಯ, ತಿಪ್ಪವ್ವಾ, ತಿರುಗಿ ನೋಡಬ್ಯಾಡ."

ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಸಾವು ಹೇಸಿಕೊಂಡು ಮುಟ್ಟದೆ ಹೋಗಲಿ ಎಂದು ತಿಪ್ಪೆಯ ಹೆಸರಿಡುತ್ತಾರೆ. ಅಂಥ ಹೆಸರು ಅದು. ಯಾರೂ ನಗಲಿಲ್ಲ. ಅಂಗಳದಲ್ಲಿದ್ದವರೆಲ್ಲ ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಚಟ್ಟ ಎದ್ದಿತು. ಸ್ವರಗಾರ ಎದ್ದು ಬಂದು ಒಂದು ಮೂಲೆಗೆ ಹೆಗಲು ಕೊಡಲು ನಿಂತ. ಬಾ ಎಂದೂ ಬೇಡವೆಂದೂ ಯಾರೂ ಹೇಳಲಿಲ್ಲ. ಅವನು ಹೆಗಲು ಕೊಡದೆ ಹಿಂದೆ ಹಿಂದೆ ನಡೆದ.

ಅವನ ಕೂಗುಗಳನ್ನು ದನಿಯವರು ಈಗಲೂ ಹಾಡುತ್ತಾರೆ. ಯಾರು ಕಟ್ಟಿದ್ದೆಂದು ಹೊರಗಿನವರು ಕೇಳಿದರೆ, ಒಬ್ಬಾಂವ ಕಟ್ಟಿದ ಎನ್ನುತ್ತಾರೆ. ಅವನು ಮತ್ತೆ ಯಾರ ಹೊಸ್ತಿಲಿಗೂ ಹಾಡು ಕೇಳಿಕೊಂಡು ಹೋಗಲಿಲ್ಲ. ಊರಲ್ಲಿ ಯಾರು ಸತ್ತರೂ ಬಂದು ಹಿಂದೆ ನಿಲ್ಲುತ್ತಿದ್ದ. ಕಳಿಸುವವಳು ತೆರಪಿಗೆ ಬರುತ್ತಿದ್ದಂತೆ ಅಂಗೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಇಡಲು ಅವನ ಹತ್ತಿರ ಹೆಸರೇ ಇರಲಿಲ್ಲ, ಆದರೂ ಮುಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತವರು ಅದನ್ನು ನೋಡಿ ತಾವೂ ಮುಚ್ಚಿಕೊಳ್ಳತೊಡಗಿದರು. ಮಕ್ಕಳು ದೊಡ್ಡವರನ್ನು ನೋಡಿ ಕಲಿತವು. ಈಗ ಅಲ್ಲಿ ಅದು ಪದ್ಧತಿ, ಯಾಕೆಂದು ಕೇಳಿದರೆ ಮೊದಲಿನಿಂದ ಹೀಗೇ ಎನ್ನುವವರೂ ಇದ್ದಾರೆ.

ಅವನೂ ಒಂದು ದಿನ ಸತ್ತ. ಕಳಿಸುವವಳು ಆಗ ಹಣ್ಣುಹಣ್ಣು ಮುದುಕಿ. ಅವನ ಮನೆಯನ್ನು ಎರಡನೆಯ ಸಲ ಹಾಡಿದಳು, ಋಣವನ್ನು ಎರಡನೆಯ ಸಲ ಹೇಳಿಸಿದಳು. ಹೆಸರಿಲ್ಲದವನನ್ನು ಹೇಗೆ ಕರೆಯುತ್ತಾಳೆಂದು ಊರು ಉಸಿರು ಹಿಡಿದು ನೋಡುತ್ತಿತ್ತು. ತೆರಪು ಬಂತು. ಊರೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತು. ಕಳಿಸುವವಳು ಆ ಕೈಗಳನ್ನೆಲ್ಲ ಒಮ್ಮೆ ನೋಡಿ, ತನ್ನ ಕೈಯನ್ನೂ ಎತ್ತಿ ಬಾಯಿ ಮುಚ್ಚಿಕೊಂಡಳು. ಅಷ್ಟು ಹೊತ್ತು ತೆರಪಿನಲ್ಲಿ, ಹೆಸರಿನ ಜಾಗಕ್ಕೆ, ಅವನ ಆ ಸನ್ನೆಯೊಂದೇ ಇತ್ತು. ಆಮೇಲೆ ಕೈ ಇಳಿಸಿ, ತಿರುಗಿ ನೋಡಬ್ಯಾಡ ಎಂದು ಹಾಡು ಮುಗಿಸಿದಳು.

ಹೊತ್ತವರು ಹೇಳುವಂತೆ, ಚಟ್ಟ ಬೇರೆಯವರದಕ್ಕಿಂತ ತುಸು ಭಾರವೇ ಇತ್ತು. ಆದರೆ ಎದ್ದಿತು.